ಟೈಪಿಸ್ಟ್ ಅಕ್ಕನ ತಾತ್ಕಾಲಿಕ ಸುತ್ತೋಲೆ

ಲಿಫ್ಟುಗಳಿಗೆ ಯೋಗ್ಯತಾ ಪ್ರಮಾಣಪತ್ರ ಕೊಡುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಟೈಪಿಸ್ಟ್ ಅಕ್ಕ ಎಂದೇ ಕರೆಯುತ್ತಿದ್ದರು. ಕೊನೆಯ ಟೈಪ್‌ರೈಟರು ಗುಜರಿಗೆ ಹೋಗಿ ಹದಿನೇಳು ವರ್ಷವಾಗಿತ್ತು. ಅಕ್ಕ ಮಾತ್ರ ಎಲ್ಲೂ ಹೋಗಿರಲಿಲ್ಲ.

ಅವಳು ಕೆಲಸಕ್ಕೆ ಸೇರಿದಾಗ ಇಪ್ಪತ್ತೆರಡು ವರ್ಷ. ನಾಲ್ಕನೆಯ ಮಹಡಿಯ ಮೂಲೆ ಕೋಣೆಯಲ್ಲಿ ಆಗ ಹದಿನಾಲ್ಕು ಟೈಪ್‌ರೈಟರುಗಳು, ಹದಿನಾಲ್ಕು ಹೆಂಗಸರು. ಬೆಳಿಗ್ಗೆ ಹತ್ತಕ್ಕೆ ಶುರುವಾದ ಟಕಟಕ ಸದ್ದು ಸಂಜೆ ಐದಕ್ಕೆ ಒಮ್ಮೆಲೇ ನಿಂತಾಗ ಕೆಳಗಿನ ಮಹಡಿಯವರು ಬೆಚ್ಚಿಬಿದ್ದು ತಲೆ ಎತ್ತುತ್ತಿದ್ದರಂತೆ. ಒಂದು ಮೂಲ, ಐದು ಕಾರ್ಬನ್ ಪ್ರತಿ, ಒಂದೂ ತಪ್ಪಿಲ್ಲ ಅನ್ನುವುದು ಅವಳ ಹೆಗ್ಗಳಿಕೆ. ಕಾಲ ಕಳೆದಂತೆ ಒಬ್ಬೊಬ್ಬರೇ ನಿವೃತ್ತರಾದರು, ಒಂದೊಂದೇ ಟೈಪ್‌ರೈಟರು ಮೂಲೆ ಸೇರಿತು. ಕೊನೆಗೆ ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ಅಷ್ಟರಲ್ಲಿ ಕಚೇರಿಗೆ ಸರ್ವರ್ ಬಂತು.

ಅದನ್ನು ಎಲ್ಲಿಡುವುದು ಎಂದು ಮೂರು ತಿಂಗಳು ಚರ್ಚೆಯಾಯಿತು. ಆಮೇಲೆ ಯಾರೋ ಕಚೇರಿಯ ಹಳೆಯ ವಹಿ ತೆಗೆದು ನೋಡಿದರು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಕೋಣೆ ನಲವತ್ತೊಂದು. ಯಂತ್ರಗಳು. ಉಸ್ತುವಾರಿ, ಟೈಪಿಸ್ಟ್." ಸರ್ವರ್ ಯಂತ್ರವೇ ತಾನೆ? ಆದ್ದರಿಂದ ಅದು ನಲವತ್ತೊಂದನೆಯ ಕೋಣೆಗೆ ಹೋಯಿತು, ಉಸ್ತುವಾರಿ ಟೈಪಿಸ್ಟಿನ ತಲೆಗೆ ಬಿತ್ತು. ಅವಳಿಗೆ ಕಂಪ್ಯೂಟರ್ ಗೊತ್ತೇ ಎಂದು ಒಬ್ಬರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಸರ್ವರಿನ ಜೊತೆ ಬಂದ ಮುನ್ನೂರು ಪುಟದ ಕೈಪಿಡಿಯನ್ನು ಮನೆಗೆ ಒಯ್ದು, ನಿಘಂಟು ಪಕ್ಕಕ್ಕಿಟ್ಟುಕೊಂಡು, ಪುಟ ಪುಟವಾಗಿ ನೋಟ್‌ಬುಕ್ಕಿಗೆ ಇಳಿಸಿದಳು. ಅರ್ಥವಾಗದಿದ್ದದ್ದನ್ನು ಎರಡು ಸಲ ಬರೆದಳು. ಆಗಲೂ ಅರ್ಥವಾಗದಿದ್ದರೆ ಮೂರನೆಯ ಸಲ. ಹೀಗೆ ಬರೆದೂ ಬರೆದೂ, ಯಾರೂ ಕಲಿಸದೆ, ಅವಳು ಸರ್ವರ್ ನೋಡಿಕೊಳ್ಳುವವಳಾದಳು.

ಈಗ ಅವಳಿಗೆ ಐವತ್ತೇಳು. ನಿವೃತ್ತಿಗೆ ಇನ್ನು ಮೂರು ವರ್ಷ. ಮಂಡಿ ಎರಡೂ ಕೈಕೊಟ್ಟಿದ್ದವು. ನಲವತ್ತೊಂದನೆಯ ಕೋಣೆಯಲ್ಲಿ ಸಣ್ಣ ತಂಪು ಯಂತ್ರದ ಗುಂಯ್ ಸದ್ದಿನಲ್ಲಿ, ತನ್ನದೇ ಕುರ್ಚಿಯಲ್ಲಿ, ಕಾಲನ್ನು ಒಂದು ಮಣೆಯ ಮೇಲೆ ಚಾಚಿ ಕೂತರೆ ಅವಳಿಗೆ ಈ ಲೋಕದಲ್ಲಿ ಬೇರೇನೂ ಬೇಡವಾಗಿತ್ತು.

ಆ ಕುರ್ಚಿಗೇ ಸಂಚಕಾರ ಬಂದದ್ದು ಒಂದು ಸೋಮವಾರ.

ಹಿಂದಿನ ಶನಿವಾರ ಹೊರಗಿನ ಕಂಪನಿಯೊಂದರ ತಜ್ಞ ಬಂದು ಹೊಸ ಸರ್ವರ್ ಕೂರಿಸಿ ಹೋಗಿದ್ದ. ಊರಿನ ಎಲ್ಲ ಲಿಫ್ಟುಗಳ ದಾಖಲೆ ಇರುವ ಸರ್ವರಿಗೆ ಹಿಂದೊಬ್ಬ ಅಧಿಕಾರಿ "ಕಣಜ" ಎಂದು ಹೆಸರಿಟ್ಟಿದ್ದರು. ತಜ್ಞ ಹಳೆಯ ಕಣಜ ತೆಗೆದು ಹೊಸ ಕಣಜ ಇಟ್ಟ. ಹೆಸರು ಅದೇ, ನಂಬರು ಹೊಸದು. ಇಷ್ಟು ತಿಳಿದಿದ್ದರೆ ಸಾಕು: ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ನಂಬರಿನಿಂದ. ಹೆಸರು ಇರುವುದು ನಮ್ಮಂಥವರ ಅನುಕೂಲಕ್ಕೆ. ನಾವು ಹೆಸರು ಹೇಳಿದಾಗ ಅದಕ್ಕೆ ತಕ್ಕ ನಂಬರು ಹೇಳಿಕೊಡಲೆಂದೇ ಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇತ್ತು. ಅದಕ್ಕೆ ಹೆಸರಿನ ಸರ್ವರ್ ಎನ್ನುತ್ತಾರೆ. ತಜ್ಞ ಅದರಲ್ಲೂ ಹೊಸ ನಂಬರು ತುಂಬಿಸಿ, ಕೈ ಝಾಡಿಸಿಕೊಂಡು ಹೋಗಿದ್ದ.

ಸೋಮವಾರ ಬೆಳಿಗ್ಗೆ ಲಿಫ್ಟ್ ತಪಾಸಕರು ಕಚೇರಿಗೆ ಬಂದರು. ನಿಯಮ ಅಂದರೆ ನಿಯಮ ಎನ್ನುವ ಮನುಷ್ಯ. ಲಿಫ್ಟಿನಲ್ಲಿ ಎರಡನೆಯ ಮಹಡಿಗೆ ಹೋಗುತ್ತಿರುವಾಗ ಅದರ ಗೋಡೆಗೆ ಅಂಟಿಸಿದ್ದ ಪ್ರಮಾಣಪತ್ರದ ಮೇಲೆ ಕಣ್ಣು ಬಿತ್ತು. ಅದರ ಅವಧಿ ಭಾನುವಾರಕ್ಕೇ ಮುಗಿದಿತ್ತು. ಲಿಫ್ಟ್ ಕಚೇರಿಯ ಲಿಫ್ಟಿಗೇ ಪ್ರಮಾಣಪತ್ರ ಇಲ್ಲ! ತಪಾಸಕರು ಅದೇ ಲಿಫ್ಟಿನಲ್ಲಿ ಕೆಳಗಿಳಿದು ಬಂದು, ಅದಕ್ಕೆ ಬೀಗ ಹಾಕಿ, ಮೆಟ್ಟಿಲು ಹತ್ತಿ ಹೋದರು.

ಲಿಫ್ಟಿನವನನ್ನು ಮಾತ್ರ ಮನೆಗೆ ಕಳಿಸಲಿಲ್ಲ. ಕೆಲಸದ ವೇಳೆಯಲ್ಲಿ ಅವನು ಲಿಫ್ಟಿನೊಳಗಿರಬೇಕು ಎಂದು ಇನ್ನೊಂದು ನಿಯಮವಿತ್ತು. ಕೊನೆಗೆ ರಾಜಿಯಾಗಿ ಅವನ ಸ್ಟೂಲನ್ನು ಬೀಗ ಹಾಕಿದ ಬಾಗಿಲಿಗೆ ಒತ್ತಿ ಇಟ್ಟರು. ಅವನು ಅಲ್ಲೇ ಕೂತು ಬಂದವರಿಗೆಲ್ಲ "ಮೇಲಕ್ಕಾ? ಮೆಟ್ಟಿಲು ಆ ಕಡೆ" ಎನ್ನತೊಡಗಿದ.

ಹೊಸ ಪ್ರಮಾಣಪತ್ರ ಒಂದು ಮುದ್ರಿಸಿ ಅಂಟಿಸಿದರೆ ಮುಗಿಯುತ್ತಿತ್ತು. ಆದರೆ ಪತ್ರ ಮುದ್ರಿಸುವ ಇನ್ನೊಂದು ಸರ್ವರ್ ದಾಖಲೆಗಾಗಿ ಕಣಜವನ್ನು ಹುಡುಕಿ ಹುಡುಕಿ ಸುಸ್ತಾಗಿ, "ಕಣಜ ಉತ್ತರಿಸುತ್ತಿಲ್ಲ" ಎಂದು ಪರದೆಯ ಮೇಲೆ ಕೆಂಪಗೆ ಬರೆಯಿತು. ಹನ್ನೊಂದರ ಹೊತ್ತಿಗೆ ಊರಿನ ಮೂಲೆ ಮೂಲೆಯಿಂದ ಫೋನು. ಅವಧಿ ಮುಗಿದ ಲಿಫ್ಟುಗಳನ್ನೆಲ್ಲ ನಮ್ಮ ತಪಾಸಕರ ತಂಡ ಶ್ರದ್ಧೆಯಿಂದ ನಿಲ್ಲಿಸುತ್ತಾ ಹೋಗುತ್ತಿತ್ತು. ಹೊಸ ಪತ್ರ ಕೊಡುವವರು ಯಾರೂ ಇರಲಿಲ್ಲ.

ದೊಡ್ಡ ಸಾಹೇಬರು ನಾಲ್ಕು ಮಹಡಿ ಹತ್ತಿ, ಬೆವರು ಒರೆಸಿಕೊಳ್ಳುತ್ತಾ ನಲವತ್ತೊಂದನೆಯ ಕೋಣೆಯ ಬಾಗಿಲಲ್ಲಿ ನಿಂತರು. ಅವರ ಹಿಂದೆ ತಜ್ಞ. ಕುತ್ತಿಗೆಗೆ ಗುರುತಿನ ಚೀಟಿ, ಬೆನ್ನಿಗೆ ಚೀಲ.

"ಏನಮ್ಮ ಇದು?" ಎಂದರು ಸಾಹೇಬರು. ಮುಂದಿನ ಮಾತಿಗೆ ಉಸಿರು ಸಾಲದೆ ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡರು.

"ನೋಡ್ತಾ ಇದೀನಿ ಸಾರ್."

"ನೋಡ್ತಾನೇ ಇರಿ. ಸಂಜೆ ನಾಲ್ಕಕ್ಕೆ ನಾನು ಮೇಲಿನವರಿಗೆ ಉತ್ತರ ಕೊಡಬೇಕು. ಈ ಕೋಣೇನ ತಮಗೇ ಒಪ್ಪಿಸಿಬಿಡಿ ಅಂತ ಇವರ ಕಂಪನಿಯವರು ಆರು ತಿಂಗಳಿಂದ ಕೇಳ್ತಿದಾರೆ. ನಾಲ್ಕರೊಳಗೆ ನೀವು ಸರಿಮಾಡಿದ್ರೆ ಕೀ ನಿಮ್ಮ ಹತ್ರ ಇರಲಿ. ಇವರು ಸರಿಮಾಡಿದ್ರೆ ಇವರಿಗೆ. ನಿಮ್ಮನ್ನ ಟಪಾಲು ವಿಭಾಗಕ್ಕೆ ಹಾಕ್ತೀನಿ."

ಟಪಾಲು ವಿಭಾಗ ಅಂದರೆ ಹೆಗಲಿಗೆ ಚೀಲ ಹಾಕಿಕೊಂಡು, ದಿನಕ್ಕೆ ಎಂಟು ಸಲ ಮಹಡಿ ಹತ್ತಿ ಇಳಿದು, ಮೇಜಿನಿಂದ ಮೇಜಿಗೆ ಪತ್ರ ಹಂಚುವ ಕೆಲಸ. ಆ ಮಂಡಿಗಳನ್ನು ಹೊತ್ತುಕೊಂಡು ಮೂರು ವರ್ಷ! ಮೂರು ದಿನ ತಡೆದರೆ ಹೆಚ್ಚು.

"ಯೋಚನೆ ಮಾಡಬೇಡಿ ಮೇಡಂ, ಹದಿನೈದು ನಿಮಿಷದ ಕೆಲಸ," ಎಂದ ತಜ್ಞ. ಸಾಹೇಬರು ಇಳಿದುಹೋದ ಮೇಲೆ ಅವನು ಲ್ಯಾಪ್‌ಟಾಪ್ ಬಿಚ್ಚಿ, ಹೆಸರಿನ ಸರ್ವರನ್ನು ನೇರವಾಗಿ ಕೇಳುವ ಒಂದು ಆಜ್ಞೆ ಕೊಟ್ಟ. ಕಣಜದ ನಂಬರು ಎಷ್ಟು? ಅದು ಥಟ್ಟನೆ ಹೇಳಿತು. ಹೊಸ ನಂಬರು, ಅಕ್ಷರಶಃ ಸರಿ.

"ನೋಡಿ. ಹೆಸರಿನ ಕಡೆಯಿಂದ ಏನೂ ತೊಂದರೆ ಇಲ್ಲ. ನಿಮ್ಮ ಮುದ್ರಣದ ಸರ್ವರೇ ಹಳೇದಾಯ್ತು. ಆರಿಸಿ ಹಚ್ಚೋಣ."

ಆರಿಸಿ ಹಚ್ಚಿದರು. ಕಣಜ ಉತ್ತರಿಸುತ್ತಿಲ್ಲ. ಇನ್ನೊಮ್ಮೆ ಆರಿಸಿ ಹಚ್ಚಿದರು. ಸರ್ವರ್ ನೆನಪಿನಲ್ಲಿಟ್ಟುಕೊಂಡಿದ್ದ ಹಳೆಯ ಉತ್ತರಗಳನ್ನೆಲ್ಲ ಅಳಿಸಿದರು, ತಂತಿ ಕಿತ್ತು ಚುಚ್ಚಿದರು, ತಂತಿಯನ್ನೇ ಬದಲಿಸಿದರು. ಪ್ರತಿಯೊಂದನ್ನೂ ಅಕ್ಕ ನೋಟ್‌ಬುಕ್ಕಿನಲ್ಲಿ ಗಂಟೆ ನಿಮಿಷದ ಸಮೇತ ಬರೆದುಕೊಂಡಳು.

"ಇದೆಲ್ಲ ಯಾಕೆ ಬರೀತೀರ ಮೇಡಂ?"

"ಬರೆದ್ರೆ ತಾನೆ ಏನು ಮಾಡಿದ್ವಿ ಅಂತ ಗೊತ್ತಾಗೋದು."

"ಏನೂ ಆಗಿಲ್ಲವಲ್ಲ!"

"ಅದನ್ನೂ ಬರೆದಿದೀನಿ."

ಹನ್ನೆರಡೂ ಕಾಲಿಗೆ ಅಕ್ಕ ತನ್ನದೊಂದು ಪ್ರಯತ್ನ ಮಾಡಿದಳು. ಮುದ್ರಣದ ಸರ್ವರಿನ ಮುಂದೆ ಕೂತು, ಕಣಜಕ್ಕೆ ಪಿಂಗ್ ಕೊಟ್ಟಳು. ಪಿಂಗ್ ಅಂದರೆ ಬಾಗಿಲು ತಟ್ಟಿ "ಯಾರಿದ್ದೀರಿ?" ಎಂದು ಕೂಗುವ ಹಾಗೆ. ಉತ್ತರ ಬಂತು. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಉತ್ತರ ಬಂದದ್ದು ಹಳೆಯ ನಂಬರಿನಿಂದ.

ನೋಟ್‌ಬುಕ್ಕಿನಲ್ಲಿ ಎರಡು ಸಾಲು ಒಂದರ ಕೆಳಗೊಂದು ನಿಂತವು. ಪ್ರಶ್ನೆ ಒಂದೇ, ಕಣಜ ಎಲ್ಲಿದೆ? ಹೆಸರಿನ ಸರ್ವರನ್ನು ಕೇಳಿದರೆ ಹೊಸ ನಂಬರು. ಸುಮ್ಮನೆ ಪಿಂಗ್ ಕೊಟ್ಟರೆ ಹಳೆಯ ನಂಬರು.

"ಹಳೇ ಕಣಜ ಎತ್ತಿ ಗೋದಾಮಿಗೆ ಹಾಕಿದೀವಲ್ಲ. ಹಾಗಾದ್ರೆ ಹಳೇ ನಂಬರಿನಲ್ಲಿ ಉತ್ತರ ಕೊಡ್ತಿರೋದು ಯಾರು?" ಎಂದು ಕೇಳಿದಳು.

ತಜ್ಞ ತಲೆ ಕೆರೆದುಕೊಂಡ. "ಆ ನಂಬರು ಖಾಲಿ ಇತ್ತಲ್ಲ ಅಂತ ಹೊಸ ಹಾಜರಿ ಯಂತ್ರಕ್ಕೆ ಕೊಟ್ಟೆ. ಕೆಳಗೆ ಬಾಗಿಲ ಹತ್ರ, ಬೆರಳು ಒತ್ತೋದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡಿ."

ಅಷ್ಟರಲ್ಲೇ ಕೆಳಗಿನಿಂದ ಲಿಫ್ಟಿನವನ ಧ್ವನಿ ಕೇಳಿಬಂತು. ನಾಲ್ಕು ಮಹಡಿಯ ಉದ್ದಕ್ಕೂ ತೆರೆದಿದ್ದ ಮೆಟ್ಟಿಲ ನಡುವಿನ ಖಾಲಿ ಜಾಗದಿಂದ ಅದು ಡಬ್ಬದೊಳಗಿಂದ ಬಂದಂತೆ ಮೇಲೇರಿತು. "ಟೈಪಿಸ್ಟ್ ಅಕ್ಕಾ! ಈ ಬೆರಳಿನ ಮಿಷನ್ನಿಗೆ ಏನೋ ಆಗಿದೆ ಕಣಕ್ಕಾ!"

ಅಕ್ಕ ಮೆಟ್ಟಿಲ ಕಟಕಟೆಗೆ ಬಂದು ಬಗ್ಗಿದಳು. "ಏನಾಯ್ತು?"

"ಬೆಳಿಗ್ಗೆಯಿಂದ ಯಾರೂ ಇಲ್ಲದಿದ್ರೂ 'ದಯವಿಟ್ಟು ಬೆರಳನ್ನು ಸರಿಯಾಗಿ ಇಡಿ' ಅಂತ ಬಡ್ಕೊಳ್ತಿದೆ. ಕೇಳಿದಾಗಲೆಲ್ಲ ನಾನು ಎದ್ದು ಹೋಗಿ ಇಟ್ಟು ಬರ್ತಿದೀನಿ."

"ನೀವ್ಯಾಕೆ ಇಡ್ತೀರಿ?"

"ದಯವಿಟ್ಟು ಅಂತಿದೆಯಲ್ಲಕ್ಕಾ! ಇಲ್ಲ ಅನ್ನೋದು ಹೇಗೆ? ಇನ್ನೂರ ಹನ್ನೆರಡು ಸಲ ಹಾಜರಾಗಿದೀನಿ ಇವತ್ತು."

ಅಕ್ಕನಿಗೆ ಏನೋ ಹೊಳೆದಂತಾಯಿತು. "ಅಲ್ಲೇ ಇರಿ, ಮಾತಾಡಿದ ಕೂಡ್ಲೇ ಕೂಗಿ," ಎಂದು ಹೇಳಿ ಒಳಗೆ ಹೋಗಿ, ಪ್ರಮಾಣಪತ್ರ ಮುದ್ರಿಸುವ ಗುಂಡಿ ಒತ್ತಿದಳು.

"ಮಾತಾಡ್ತು!" ಎಂದು ಕೆಳಗಿನಿಂದ ಕೂಗು.

ಹತ್ತು ಎಣಿಸಿ ಮತ್ತೆ ಒತ್ತಿದಳು.

"ಮಾತಾಡ್ತು! ಇಟ್ಟೆ! ಇನ್ನೂರ ಹದಿನಾಲ್ಕು!"

ತಜ್ಞನ ಮುಖ ಹುಳ್ಳಗಾಯಿತು. ಅಲ್ಲಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಬೆಳಿಗ್ಗೆಯಿಂದ ಊರಿನ ಲಿಫ್ಟುಗಳ ದಾಖಲೆ ಕೊಡು ಎಂದು ಕಣಜವನ್ನು ಬೇಡುತ್ತಿದ್ದ ಪ್ರತಿಯೊಂದು ಕೋರಿಕೆಯೂ ನೇರವಾಗಿ ಕೆಳಗಿನ ಹಾಜರಿ ಯಂತ್ರಕ್ಕೆ ಹೋಗುತ್ತಿತ್ತು. ಅದಕ್ಕೆ ಗೊತ್ತಿದ್ದ ಉತ್ತರ ಒಂದೇ. ಪಾಪ, ಅದನ್ನು ಅದು ವಿನಯದಿಂದ ಹೇಳುತ್ತಲೇ ಇತ್ತು.

"ಆದ್ರೆ ಹೆಸರಿನ ಸರ್ವರ್ ಹೊಸ ನಂಬರನ್ನೇ ಹೇಳ್ತಿದೆಯಲ್ಲ ಮೇಡಂ!" ಎಂದು ತಜ್ಞ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ನೋಡಿ, ನೋಡಿ, ಇಲ್ಲೇ ಇದೆ."

"ಅದು ಸರಿಯಾಗೇ ಹೇಳ್ತಿದೆ. ಆದ್ರೆ ಈ ಯಂತ್ರಗಳು ಅದನ್ನ ಕೇಳ್ತಾನೇ ಇಲ್ಲ ಅನ್ಸುತ್ತೆ. ಬೇರೆ ಯಾರನ್ನೋ ಕೇಳ್ತಿವೆ."

"ಬೇರೆ ಯಾರಿದಾರೆ?"

ಅದು ಅಕ್ಕನಿಗೂ ಗೊತ್ತಿರಲಿಲ್ಲ. ತಜ್ಞ ಹೆಸರಿನ ಸರ್ವರನ್ನೇ ಬಿಚ್ಚಿ ಮೊದಲಿನಿಂದ ಕಟ್ಟುತ್ತೇನೆ ಎಂದು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತ. ಅಕ್ಕ ಊಟದ ಡಬ್ಬಿ ತೆರೆದಳು. ಆಗಲೇ ಫೋನು ಬಂತು. ಮನೆಯಿಂದ, ಅತ್ತೆ. ವಯಸ್ಸು ಎಂಬತ್ತನಾಲ್ಕು, ಧ್ವನಿ ಮಾತ್ರ ನಲವತ್ತರದು.

"ಏನೇ, ಆ ಕೊಳಾಯಿ ರಿಪೇರಿಯವನು ಇನ್ನೂ ಬಂದಿಲ್ಲ ಕಣೆ. ಅಡುಗೆಮನೆ ಪೂರ್ತಿ ನೀರು."

"ಫೋನ್ ಮಾಡಿದ್ರಾ ಅತ್ತೆ?"

"ಮಾಡಿದೆ. ಆ ಹಲ್ಲಿನ ಡಾಕ್ಟ್ರು ಎತ್ತಿದ."

"ಮತ್ತೆ ಗೋಡೆ ನೋಡಿ ಮಾಡಿದ್ರಾ? ಕೊಳಾಯಿಯವನು ನಂಬರ್ ಬದಲಾಯಿಸಿ ಎರಡು ವರ್ಷ ಆಯ್ತು, ಹಳೇದು ಈಗ ಆ ಡಾಕ್ಟ್ರದು. ಹೊಸದನ್ನ ನಿಮ್ಮ ಮಗ ಫೋನಿನಲ್ಲೇ ಹಾಕಿಕೊಟ್ಟಿದಾರಲ್ಲ. ಹೆಸರು ಒತ್ತಿದ್ರೆ ಸಾಕು."

"ಗೋಡೆ ಮೇಲೆ ಕಣ್ಣೆದುರಿಗೆ ಬರೆದಿರುವಾಗ ಫೋನನ್ನ ಯಾಕೇ ಕೇಳಲಿ? ಗೋಡೆ ಮೇಲೆ ಇಲ್ದೇ ಇದ್ದದ್ದಕ್ಕೆ ಮಾತ್ರ ನಾನು ಫೋನು ಒತ್ತೋದು. ಅಂದಹಾಗೆ ಆ ಡಾಕ್ಟ್ರು ಬಹಳ ಒಳ್ಳೆಯವನು. 'ಅಜ್ಜಿ, ಈ ಸಲ ಏನು ಸೋರ್ತಿದೆ' ಅಂತ ಅವನೇ ಕೇಳಿದ. ವಾಷರ್ ಹೋಗಿರಬೇಕು, ಬಟ್ಟೆ ಬಿಗಿದಿಡಿ ಅಂದ."

"ಅತ್ತೆ, ಆ ನಂಬರನ್ನ ಗೋಡೆಯಿಂದ ಒರೆಸಿಬಿಡಿ ಅಂತ ಎಷ್ಟು ಸಲ..."

"ಒರೆಸೋದಾ? ನೀನೇ ಬರೆದಿದ್ದಲ್ವೇನೇ? ಎಷ್ಟು ದುಂಡಗೆ ಬರೆದಿದೀಯ! ನಿನ್ನ ಕೈಬರಹ ಅಂತಾನೇ ನಾನು ನಂಬೋದು."

ಅಕ್ಕನ ಕೈ ಅಲ್ಲೇ ನಿಂತಿತು. ಅತ್ತೆ ಇನ್ನೂ ಏನೋ ಹೇಳುತ್ತಿದ್ದರು. ಅವಳು "ಬಟ್ಟೆ ಬಿಗೀರಿ ಅತ್ತೆ, ಬರ್ತೀನಿ" ಎಂದು ಫೋನಿಟ್ಟಳು.

ಕಂಪ್ಯೂಟರಿಗೂ ಒಂದು ಗೋಡೆ ಇದೆ ಎಂದು ಅವಳಿಗೆ ನೆನಪಾಯಿತು. ಹೋಸ್ಟ್ಸ್ ಎಂಬ ಹೆಸರಿನ ಸಣ್ಣ ಫೈಲು. ಅದರಲ್ಲಿ ಏನಾದರೂ ಬರೆದಿದ್ದರೆ ಯಂತ್ರ ಮೊದಲು ಅದನ್ನೇ ನೋಡುತ್ತದೆ. ಅಲ್ಲಿ ಇಲ್ಲದಿದ್ದರೆ ಮಾತ್ರ ಹೆಸರಿನ ಸರ್ವರನ್ನು ಕೇಳುತ್ತದೆ. ಕೈಪಿಡಿಯಿಂದ ಅದನ್ನು ಅವಳು ಮೂರು ಸಲ ಬರೆದುಕೊಂಡಿದ್ದಳು. ತಜ್ಞ ಬೆಳಿಗ್ಗೆಯಿಂದ ಕೊಡುತ್ತಿದ್ದ ಆಜ್ಞೆ ಗೋಡೆಯನ್ನು ನೋಡದೆ ನೇರವಾಗಿ ಹೆಸರಿನ ಸರ್ವರನ್ನೇ ಕೇಳುವಂಥದ್ದು. ಅದಕ್ಕೇ ಅವನಿಗೆ ಎಲ್ಲವೂ ಸರಿಯಾಗಿ ಕಾಣುತ್ತಿತ್ತು.

ಮುದ್ರಣದ ಸರ್ವರಿನಲ್ಲಿ ಆ ಫೈಲು ತೆರೆದಳು. ಮೇಲ್ಗಡೆ, ಅಂಚು ಬಿಟ್ಟು, ನಡುವಿಗೆ ಸರಿಯಾಗಿ ಕೂರಿಸಿ ಟೈಪ್ ಮಾಡಿದ ಸಾಲುಗಳಿದ್ದವು.

"ಸುತ್ತೋಲೆ. ವಿಷಯ: ಯಂತ್ರಗಳ ಹೆಸರು ಮತ್ತು ನಂಬರುಗಳ ಬಗ್ಗೆ ತಾತ್ಕಾಲಿಕ ವ್ಯವಸ್ಥೆ. ಎಲ್ಲ ವಿಭಾಗಗಳ ಮಾಹಿತಿಗಾಗಿ. ಪ್ರತಿ ಒಂದು, ನಲವತ್ತೆಂಟರಲ್ಲಿ."

ಕೆಳಗೆ ಹನ್ನೊಂದು ವರ್ಷ ಹಿಂದಿನ ತಾರೀಕು. ಅದರ ಕೆಳಗೆ ಅವಳದೇ ಚಿಕ್ಕ ಸಹಿ. ಅದರ ಕೆಳಗೆ ಕಣಜ, ಮುಂದೆ ಹಳೆಯ ನಂಬರು.

ಎಲ್ಲವೂ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ಹೆಸರಿನ ಸರ್ವರ್ ಎರಡು ದಿನ ಕೆಟ್ಟು ಕೂತಿತ್ತು. ಆಗಿನ ಸಾಹೇಬರು "ಏನಾದ್ರೂ ಮಾಡಮ್ಮ" ಅಂದಿದ್ದರು. ಬೇರೆಯವರಾಗಿದ್ದರೆ ಪೆಟ್ಟಿಗೆ ರಿಪೇರಿಯಾಗುವ ತನಕ ಕಾಯುತ್ತಿದ್ದರು. ಅವಳು ಟೈಪಿಸ್ಟ್. ಎಲ್ಲರಿಗೂ ಒಂದು ಸಂಗತಿ ತಿಳಿಸಬೇಕು ಅಂದರೆ ಅವಳಿಗೆ ಗೊತ್ತಿದ್ದ ದಾರಿ ಒಂದೇ: ಸುತ್ತೋಲೆ ಹೊರಡಿಸಿ, ತಲೆಗೊಂದು ಪ್ರತಿ ಹಂಚುವುದು. ನಲವತ್ತೆಂಟು ಯಂತ್ರಗಳ ಮುಂದೆ ಒಂದೊಂದಾಗಿ ಕೂತು, ಪ್ರತಿಯೊಂದರಲ್ಲೂ ಆ ಪಟ್ಟಿಯನ್ನು ಹೊಸದಾಗಿ ಟೈಪ್ ಮಾಡಿದ್ದಳು. ಪ್ರತಿ ಒಂದು, ಪ್ರತಿ ಎರಡು, ಪ್ರತಿ ಮೂರು. ಒಂದೂ ತಪ್ಪಿರಲಿಲ್ಲ. ಮೂರನೆಯ ದಿನ ಹೆಸರಿನ ಸರ್ವರ್ ಸರಿಹೋಯಿತು. ಸುತ್ತೋಲೆ ಹಿಂಪಡೆಯಬೇಕು ಎಂದು ಯಾರಿಗೂ ತೋಚಲಿಲ್ಲ. ಆಮೇಲೆ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಹಳೆಯದರಲ್ಲಿದ್ದುದನ್ನೆಲ್ಲ ಇದ್ದ ಹಾಗೇ ಹೊಸದಕ್ಕೆ ತುಂಬಿದರು. ಹನ್ನೊಂದು ವರ್ಷ ಕಣಜದ ನಂಬರು ಬದಲಾಗಲಿಲ್ಲ, ಆದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಸುತ್ತೋಲೆ ಕೈಯಲ್ಲಿದ್ದ ಯಾವ ಯಂತ್ರವೂ ಹೆಸರಿನ ಸರ್ವರನ್ನು ಒಂದು ಮಾತೂ ಕೇಳಿರಲಿಲ್ಲ. ಅದು ಮೂಲೆಯಲ್ಲಿ ದೀಪ ಮಿಣುಕಿಸುತ್ತಾ ಸುಮ್ಮನೆ ಕೂತಿತ್ತು.

ತಜ್ಞ ಅವಳ ಕಡೆ ಬೆನ್ನು ಹಾಕಿ, ಬಾಯಲ್ಲಿ ತಿರುಪು ಮೊಳೆ ಕಚ್ಚಿಕೊಂಡು, ಇನ್ನೂ ಆರಿಸದ ಪೆಟ್ಟಿಗೆಯ ಮುಚ್ಚಳವನ್ನಷ್ಟೇ ಬಿಚ್ಚುತ್ತಿದ್ದ. ಗಂಟೆ ಎರಡೂವರೆ.

ಆ ಒಂದು ಸಾಲು ಅಳಿಸಿದರೆ ಪ್ರಮಾಣಪತ್ರ ಬರುತ್ತದೆ, ಕೀ ಉಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಅವಳ ಬೆರಳು ಅಳಿಸುವ ಗುಂಡಿಯ ಮೇಲೆ ನಿಂತಿತು. ಆದರೆ ಮೂಲ ಪ್ರತಿಯಲ್ಲಿ ತಪ್ಪನ್ನು ಉಜ್ಜಿದರೆ ಕೆಳಗಿನ ಕಾರ್ಬನ್ ಪ್ರತಿಗಳಲ್ಲಿ ಅದು ಹಾಗೇ ಇರುತ್ತದೆ ಎಂದು ಅವಳಷ್ಟು ಬಲ್ಲವರು ಆ ಕಟ್ಟಡದಲ್ಲಿ ಬೇರೆ ಇರಲಿಲ್ಲ. ಇನ್ನೂ ನಲವತ್ತೇಳು ಪ್ರತಿ ನಾಲ್ಕು ಮಹಡಿಯಲ್ಲಿ, ಅವಳ ಸಹಿಯ ಸಮೇತ, ಬಾಯಿ ತೆರೆದುಕೊಂಡು ಕೂತಿದ್ದವು. ಜೊತೆಗೆ ಕಚೇರಿಯ ದೋಷ ವರದಿಯ ನಮೂನೆಯಲ್ಲಿ ಆರನೆಯ ಕಲಮು ಇತ್ತಲ್ಲ: "ದೋಷಕ್ಕೆ ಕಾರಣರಾದವರು."

ಅವಳು ಸಾಲನ್ನು ಅಳಿಸಲಿಲ್ಲ. ಕಚೇರಿಯ ಕಾಗದದಲ್ಲಿ ಏನನ್ನೂ ಅಳಿಸುವಂತಿಲ್ಲ, ಗೆರೆ ಎಳೆದು ಪಕ್ಕಕ್ಕೆ ಸಹಿ ಹಾಕಬೇಕು. ಫೈಲಿನಲ್ಲಿ ಗೆರೆ ಎಳೆಯುವುದಕ್ಕೂ ಒಂದು ರೀತಿ ಇತ್ತು. ಸಾಲಿನ ಮುಂದೆ ಒಂದು ಚಿಕ್ಕ ಚೌಕಳಿ ಚಿಹ್ನೆ ಇಟ್ಟರೆ ಯಂತ್ರ ಆ ಸಾಲನ್ನು ಓದುವುದಿಲ್ಲ. ಅದನ್ನಿಟ್ಟು, ಮುಂದೆ "ಹಿಂಪಡೆಯಲಾಗಿದೆ" ಎಂದು ಟೈಪ್ ಮಾಡಿ, ಇವತ್ತಿನ ತಾರೀಕು ಹಾಕಿದಳು. ಪಿಂಗ್ ಕೊಟ್ಟಳು. ಹೊಸ ನಂಬರು. ಗುಂಡಿ ಒತ್ತಿದಳು. ಮುದ್ರಕ ಕೆಮ್ಮಿ, ಕರಕರ ಎಂದು ಕಚೇರಿಯ ಲಿಫ್ಟಿನ ಹೊಸ ಪ್ರಮಾಣಪತ್ರವನ್ನು ಹೊರಗೆ ತಳ್ಳಿತು.

ತಜ್ಞ ಬಾಯಲ್ಲಿದ್ದ ಮೊಳೆ ಉಗುಳಿ ತಿರುಗಿ ನೋಡಿದ. "ಆಯ್ತಾ? ನಾನು ಈಗ ಬಿಚ್ಚಿದ್ದಕ್ಕೇ ಆಗಿದ್ದು ಅದು!"

"ಅಲ್ಲ," ಎಂದಳು ಅಕ್ಕ. ನಮೂನೆ ತೆಗೆದು, ಆರನೆಯ ಕಲಮಿನಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಕೆಲಸಕ್ಕೆ ಸೇರಿದ ದಿನ ಬಿಟ್ಟರೆ, ಮೂವತ್ತೈದು ವರ್ಷದಲ್ಲಿ ಅದನ್ನು ಅವಳು ಕಚೇರಿಯಲ್ಲಿ ಬರೆದದ್ದು ಇದೇ ಮೊದಲು.

ನಾಲ್ಕು ಗಂಟೆಗೆ ಸಾಹೇಬರು ವರದಿ ಓದಿದರು. ಒಮ್ಮೆ ಓದಿ, ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದರು. ಅಕ್ಕ ಮೇಜಿನ ಮುಂದೆ ಮಂಡಿ ಹಿಡಿದುಕೊಂಡು ನಿಂತಿದ್ದಳು. ಕೋಣೆಯ ಕೀಯನ್ನು ಮೊದಲೇ ತಂದು ಮೇಜಿನ ಮೇಲಿಟ್ಟಿದ್ದಳು.

"ನೋಡಿ ಸಾರ್, ಅವರೇ ಒಪ್ಕೊಂಡಿದಾರೆ," ಎಂದ ತಜ್ಞ. "ಹನ್ನೊಂದು ವರ್ಷದ ಕಸ. ನಲವತ್ತೇಳು ಕಂಪ್ಯೂಟರಿನಲ್ಲಿ ಇನ್ನೂ ಇದೆ. ನಾನು ಇಲ್ಲೇ ಕೂತು ಎಲ್ಲದರಲ್ಲೂ ಒಂದೇ ಏಟಿಗೆ ಅಳಿಸಿಬಿಡ್ತೀನಿ. ಎರಡು ನಿಮಿಷ."

ಸಾಹೇಬರು ನಿಧಾನವಾಗಿ ತಲೆ ಎತ್ತಿದರು. "ಏನನ್ನ ಅಳಿಸ್ತೀರ?"

"ಆ ಸಾಲುಗಳನ್ನ ಸಾರ್."

"ಇದು ಸುತ್ತೋಲೆ ಕಣ್ರೀ. ತಾರೀಕಿದೆ, ಪ್ರತಿ ಸಂಖ್ಯೆ ಇದೆ, ಸಹಿ ಇದೆ. ನಲವತ್ತೇಳು ಕಡೆ ಜಾರಿಯಲ್ಲಿರೋ ಸುತ್ತೋಲೇನ ಇಲ್ಲೇ ಕೂತು ಅಳಿಸ್ತೀರ? ವಿಭಾಗದ ಮುಖ್ಯಸ್ಥರ ಒಪ್ಪಿಗೆ?"

"ಅದು ಬರೀ ಒಂದು ಫೈಲು ಸಾರ್..."

"ಬರೀ ಫೈಲು!" ಸಾಹೇಬರು ತಮ್ಮ ಮೇಜಿನ ಮೇಲಿದ್ದ ಫೈಲುಗಳ ರಾಶಿಯನ್ನು ನೋಡಿದರು. ಅವರ ಮನಸ್ಸಿಗೆ ನಿಜಕ್ಕೂ ನೋವಾದಂತಿತ್ತು. "ಅದಿರಲಿ. ಒಂದು ಸುತ್ತೋಲೆ ಜಾರಿಯಲ್ಲಿ ಇರುವಾಗ, ಅದಕ್ಕೆ ವಿರುದ್ಧವಾಗಿ ಕಣಜದ ನಂಬರು ಬದಲಾಯಿಸಿದ್ದು ಯಾರು?"

ತಜ್ಞ ಗುರುತಿನ ಚೀಟಿ ಸರಿಮಾಡಿಕೊಂಡ. "ನಾನೇ. ಆದ್ರೆ ನನಗೆ ಗೊತ್ತಿರಲಿಲ್ಲ."

"ಇವರಿಗೆ ಒಂದು ಪ್ರತಿ ಕೊಟ್ಟಿರಲಿಲ್ವೇನಮ್ಮ?"

"ಹನ್ನೊಂದು ವರ್ಷದ ಹಿಂದೆ ಇವರು ಇರಲಿಲ್ಲ ಸಾರ್," ಎಂದಳು ಅಕ್ಕ. "ತಪ್ಪು ನಂದೇ. ಹಿಂಪಡೆಯೋದು ಮರೆತೆ."

"ಮರೆತದ್ದು ತಪ್ಪು. ಅದಕ್ಕೆ ನಿಮಗೊಂದು ಎಚ್ಚರಿಕೆ ಪತ್ರ ಬರುತ್ತೆ, ಸಹಿ ಹಾಕಿ ತಗೊಳ್ಳಿ. ಆದರೆ ಸುತ್ತೋಲೆ ಹೊರಡಿಸಿದವರೇ ಅದನ್ನ ಹಿಂಪಡೆಯಬೇಕು. ಅದು ಮುಗಿಯೋ ತನಕ ಉಸ್ತುವಾರಿ ಬದಲಾಯಿಸೋ ಹಾಗಿಲ್ಲ." ಸಾಹೇಬರು ಪೆನ್ನು ತೆಗೆದರು. "ಎಷ್ಟು ದಿನ ಬೇಕು?"

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ದಿನಕ್ಕೆ ಹತ್ತು ಮಾಡಿದ್ರೆ ಐದು ದಿನ ಸಾರ್."

"ನಾನು ಕೇಳಿದ್ದು ಸಹಿಗಳ ಸಮೇತ. ಎಲ್ಲ ವಿಭಾಗದ ಮುಖ್ಯಸ್ಥರೂ ಸಹಿ ಹಾಕಬೇಕು."

"ಅದನ್ನ ಹೇಳಕ್ಕಾಗಲ್ಲ ಸಾರ್."

"ಅದನ್ನೇ ಬರೀತೀನಿ," ಎಂದು ಸಾಹೇಬರು "ಹೇಳಲಾಗದು" ಎಂದು ದುಂಡಗೆ ಬರೆದು ಸಹಿ ಹಾಕಿ, ಕೀಯನ್ನು ಅವಳ ಕಡೆ ತಳ್ಳಿದರು.

ಲಿಫ್ಟ್ ಶುರುವಾದ್ದರಿಂದ ಅವಳಿಗೆ ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು. ಮೊದಲ ಐದು ದಿನದಲ್ಲೇ ನಲವತ್ತಾರು ಯಂತ್ರಗಳ ಮುಂದೆ ಕೂತು, ಚೌಕಳಿ ಚಿಹ್ನೆ ಇಟ್ಟು, "ಹಿಂಪಡೆಯಲಾಗಿದೆ" ಎಂದು ನಲವತ್ತಾರು ಸಲ ಟೈಪ್ ಮಾಡಿ, ಅಷ್ಟೂ ಸಹಿ ಹಾಕಿಸಿಕೊಂಡಳು. ನಿಧಾನ ಮಾಡಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲ. ಕೆಲಸವನ್ನು ಎಳೆದಾಡುವುದು ಅವಳ ಕೈಗೆ ಬರುತ್ತಿರಲಿಲ್ಲ.

ಉಳಿದದ್ದು ಒಂದು. ಮೂರನೆಯ ಮಹಡಿಯಲ್ಲಿ, ಕೈಯಿಂದ ಹಗ್ಗ ಎಳೆದು ನಡೆಸುವ ಲಿಫ್ಟುಗಳ ವಿಭಾಗದ್ದು. ಊರಿನ ಕೊನೆಯ ಹಗ್ಗದ ಲಿಫ್ಟು ನಿಂತು ಒಂಬತ್ತು ವರ್ಷವಾಗಿತ್ತು. ವಿಭಾಗದ ಮುಖ್ಯಸ್ಥರು ಆಗಲೇ ನಿವೃತ್ತರಾಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಮೇಜು, ಕುರ್ಚಿ, ಕಂಪ್ಯೂಟರು ಮಾತ್ರ ಇದ್ದವು. ಆರಿಸಿ ಎಂದು ಯಾರೂ ಆದೇಶ ಕೊಡದಿದ್ದರಿಂದ ಕಂಪ್ಯೂಟರು ಓಡುತ್ತಲೇ ಇತ್ತು. ಅಕ್ಕ ಸಾಹೇಬರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಸಾರ್, ಆ ವಿಭಾಗಾನೇ ಇಲ್ಲ. ಸಹಿ ಹಾಕೋರು ಯಾರು?"

"ವಿಭಾಗ ರದ್ದಾಗಿದೆ ಅನ್ನೋ ಆದೇಶ ಏನಾದ್ರೂ ಇದೆಯಾ?"

"ಹುಡುಕಿದೆ. ಇಲ್ಲ ಸಾರ್."

"ಹಾಗಾದ್ರೆ ವಿಭಾಗ ಇದೆ. ಪತ್ರ ಬರೀರಿ. ಉತ್ತರ ಬರದಿದ್ರೆ ತಿಂಗ್ಳಿಗೊಂದು ಜ್ಞಾಪನ ಪತ್ರ ಬರೀರಿ."

ಅವಳು ಬರೆದಳು. "ಮಾನ್ಯ ವಿಭಾಗದ ಮುಖ್ಯಸ್ಥರಿಗೆ" ಎಂದು ಶುರುಮಾಡಿ, ಅಂಚು ಬಿಟ್ಟು, ಒಂದೂ ತಪ್ಪಿಲ್ಲದೆ. ಟಪಾಲಿನವನು ಅದನ್ನು ಒಯ್ದು ಖಾಲಿ ಮೇಜಿನ ಮೇಲಿಟ್ಟು ಬಂದ. ತಿಂಗಳ ವರದಿಯಲ್ಲಿ ಅವಳು "ಬಾಕಿ: ಒಂದು" ಎಂದು ಪ್ರಾಮಾಣಿಕವಾಗಿ ಬರೆದಳು. ಮುಂದಿನ ತಿಂಗಳೂ ಹಾಗೇ ಬರೆದಳು. ಅದರ ಮುಂದಿನ ತಿಂಗಳೂ.

ಪ್ರತಿ ತಿಂಗಳ ಮೊದಲ ದಿನ ತಜ್ಞ ಕೀ ಕೇಳಲು ಬರುತ್ತಿದ್ದ. ಅಕ್ಕ ಅವನಿಗೊಂದು ಕುರ್ಚಿ ಹಾಕಿ, ಕಾಫಿ ತರಿಸಿ, ವರದಿ ತೋರಿಸುತ್ತಿದ್ದಳು. ಬರಬರುತ್ತಾ ಅವನು ಕೀ ಕೇಳುವುದನ್ನೇ ಮರೆತು, ತನ್ನ ಬೇರೆ ಬೇರೆ ಕಚೇರಿಗಳ ಕಷ್ಟ ಹೇಳಿಕೊಳ್ಳತೊಡಗಿದ. ಅವಳು ಅವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಕೆಲವಕ್ಕೆ ಪರಿಹಾರವನ್ನೂ ಹೇಳಿದಳು.

ಏಳನೆಯ ತಿಂಗಳು ಮಾತ್ರ ಅವನು ಕಾಫಿ ಲೋಟ ಕೆಳಗಿಡುತ್ತಾ ಕೇಳಿದ: "ಅಲ್ಲ ಮೇಡಂ, ಆ ಮುಖ್ಯಸ್ಥರು ಬರೋದು ಯಾವಾಗ?"

ಅಕ್ಕ ಮಣೆಯ ಮೇಲೆ ಕಾಲು ಚಾಚಿ, ಹೊಸ ಜ್ಞಾಪನ ಪತ್ರದ ಕೊನೆಯ ಸಾಲು ಮುಗಿಸಿದಳು.

"ಅವರು ನಿವೃತ್ತರಾಗಿ ಒಂಬತ್ತು ವರ್ಷ ಆಯ್ತು. ಆದ್ರೆ ಪತ್ರ ಹೋಗಿದೆ. ಕಾಯೋಣ."